ಕಟ್ಟೆಯ ಮೇಲಿನ ಸುಟ್ಟ ಮೋಟಾರು

ನಮ್ಮ ಓಣಿಯ ಕಾಕು ತೀರಿಕೊಂಡ ವಾರಕ್ಕೆ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮೂರನೆಯವನಾಗಿ ಎದ್ದು ನಿಂತು ನಾನು ಐದು ನಿಮಿಷ ಮಾತಾಡಿದೆ. ಅದರಲ್ಲಿ ಒಂದು ವಾಕ್ಯ ಸುಳ್ಳು. "ಅವರು ಒಂದೇ ಒಂದು ಮಾತು ಹೇಳಿದರು, ನಾವೆಲ್ಲ ಮೋಟಾರು ಬಂದ್ ಮಾಡಿದೆವು." ಅಲ್ಲಿ ನನ್ನ ದನಿ ಸ್ವಲ್ಪ ನಡುಗಿತು. ಕೇಳಿದವರು ಅದನ್ನು ದುಃಖ ಎಂದುಕೊಂಡರು. ಮುಂದಿನ ಸಾಲಿನಲ್ಲಿದ್ದ ಕಾಳಿನ ವ್ಯಾಪಾರದ ಸಾವಕಾರ್ರು ಕರ್ಚೀಫು ತೆಗೆದರು. ಹಿಂದೆ, ಬಾಗಿಲ ಹತ್ತಿರ ನೆಲದ ಮೇಲೆ ದಿಬ್ಬದ ಯಲ್ಲವ್ವ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ನಾನು ಮಾತು ಮುಗಿಸುವವರೆಗೂ ನನ್ನನ್ನೇ ನೋಡುತ್ತಿದ್ದಳು. ಅಥವಾ ನನ್ನ ಹಿಂದಿನ ಗೋಡೆಗೆ ಒರಗಿಸಿಟ್ಟಿದ್ದ ಕಾಕುವಿನ ಫೋಟೋವನ್ನು. ಯಾವುದೆಂದು ಖಚಿತವಾಗಿ ಹೇಳಲಾರೆ.

ಅವರ ಬಗ್ಗೆ ಬರೆಯಲು ಕೂತರೆ ಮೊದಲು ಕೈ ಬರುತ್ತದೆ, ಮುಖ ಬರುವುದಿಲ್ಲ. ಅವರ ಸೀರೆ ನನ್ನ ನೆನಪಿನಲ್ಲಿ ಒಮ್ಮೆ ಹಸಿರು, ಒಮ್ಮೆ ಮಾಸಿದ ಬಿಳಿ. ಹೆಂಡತಿಯನ್ನು ಕೇಳಿದೆ. "ಯಾವಾಗ್ಲೂ ನೀಲಿನ ಇರತಿತ್ತಲ್ಲ" ಎಂದಳು. ಆದ್ದರಿಂದ ಸೀರೆಯ ಮಟ್ಟಿಗೆ ನನ್ನನ್ನು ನಂಬಬೇಡಿ, ಕೈಯ ಮಟ್ಟಿಗೆ ನಂಬಿ. ಅವರು ಧಾರವಾಡದ ಹತ್ತಿರದ ಗರಗದವರು. ಚಿಕ್ಕ ವಯಸ್ಸಿನಿಂದ ಖಾದಿ ನೂತವರು, ಆಮೇಲೆ ಬೇರೆಯವರು ನೂತ ನೂಲನ್ನು ಪರೀಕ್ಷಿಸುವ ಕೆಲಸಕ್ಕೆ ಏರಿದವರು. ಹೆಬ್ಬೆರಳು, ತೋರುಬೆರಳುಗಳ ನಡುವೆ ಎಳೆಯನ್ನು ಹರಿಯಬಿಟ್ಟು ಕಣ್ಣು ಮುಚ್ಚುತ್ತಿದ್ದರಂತೆ. ಎಲ್ಲಿ ಗಂಟು, ಎಲ್ಲಿ ಸಣಕಲು ಎಂದು ಬೆರಳು ಹೇಳುತ್ತಿತ್ತಂತೆ. ಗಂಡ ಹೋದ ಮೇಲೆ ಹುಬ್ಬಳ್ಳಿಯ ನಮ್ಮ ಓಣಿಗೆ ಬಂದಾಗ ಆ ಕೆಲಸ ಬಿಟ್ಟಿದ್ದರು, ಆ ಚಟ ಬಿಟ್ಟಿರಲಿಲ್ಲ. ಮಾತಾಡುವಾಗ ಕೈಯಲ್ಲಿ ಏನಾದರೂ ಬೇಕು: ಸೆರಗಿನ ಅಂಚು, ಬಾಗಿಲ ಚೌಕಟ್ಟು, ಯಾರದೋ ಮಗುವಿನ ಅಂಗಿಯ ತೋಳು. ಒಮ್ಮೆ ನನ್ನ ಹೊಸ ಅಂಗಿಯನ್ನು ಹೀಗೇ ಮುಟ್ಟಿ ಕೇಳಿದರು.

"ಖಾದಿ ಅಂತ ಹೇಳಿ ಕೊಟ್ಟಾನೇನ್ರಿ ಸರ್?"

"ಹೌದ್ರಿ ಕಾಕು."

"ಅರ್ಧ ಖರೇ ಹೇಳ್ಯಾನ ಬಿಡ್ರಿ."

ಓಣಿಯಲ್ಲಿ ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ನಾನು ಹತ್ತಿರದ ಸಾಲೆಯಲ್ಲಿ ಮಾಸ್ತರ, ಹಾಗಾಗಿ ಅವರಿಗೆ ನಾನು ಸರ್. ವಯಸ್ಸಿನಲ್ಲಿ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಎಷ್ಟೋ ಸಲ "ಹೆಸರು ಹಿಡಿದು ಕರೀರಿ" ಎಂದಿದ್ದೆ. "ಸಾಲಿ ಕಲಿಸೋರಿಗೆ ಹಂಗ ಕರೀಬಾರದ್ರಿ" ಎನ್ನುತ್ತಿದ್ದರು. ಈ ಮಾತು ಈಗ ಚುಚ್ಚುವಷ್ಟು ಆಗ ಚುಚ್ಚಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಮಗೆ ಎಂಟು ದಿನಕ್ಕೊಮ್ಮೆ ನೀರು. ಹಂಡೆ, ಕೊಡ, ಬ್ಯಾರಲ್ಲು, ಅಡಿಗೆಮನೆಯ ತಪೇಲಿ, ಮಕ್ಕಳ ನೀರಿನ ಬಾಟಲಿ, ಎಲ್ಲ ತುಂಬಿಡುತ್ತಿದ್ದೆವು. ಎಂಟನೆಯ ದಿನ ನೀರು ಬರುತ್ತದೆ ಎಂದು ತಿಳಿದ ಕೂಡಲೇ ಉಳಿದದ್ದನ್ನೆಲ್ಲ ಗಟಾರಕ್ಕೆ ಚೆಲ್ಲುತ್ತಿದ್ದೆವು. ಹಳೇ ನೀರು, ಹಳಸಿದ್ದು ಎಂಬ ಭಾವನೆ. ನಿನ್ನೆ ಸಂಜೆಯವರೆಗೆ ಅಳೆದಳೆದು ಬಳಸಿದ ನೀರು ಇವತ್ತು ಹೊಲಸಾಗಿಬಿಡುತ್ತಿತ್ತು. ಆ ಬೆಳಗು ಎಂಟು ದಿನದ ಉಳಿಕೆ ಇಡೀ ಓಣಿಯ ಗಟಾರದಲ್ಲಿ ಸದ್ದು ಮಾಡುತ್ತ ಹರಿಯುತ್ತಿತ್ತು. ಅದೇ ಹೊತ್ತಿಗೆ ಓಣಿಯ ತುದಿಯ ದಿಬ್ಬದ ಮೇಲಿನ ಹೆಂಗಸರು ಖಾಲಿ ಕೊಡ ಹಿಡಿದು ಆ ಗಟಾರವನ್ನು ದಾಟಿ ಬರುತ್ತಿದ್ದರು. ಇದನ್ನು ನಾವ್ಯಾರೂ ವಿಚಿತ್ರ ಎಂದುಕೊಂಡಿರಲಿಲ್ಲ.

ಕಾಕು ಒಂದು ಬೆಳಿಗ್ಗೆ ಎರಡು ಬಕೀಟು ಹಿಡಿದು ಮನೆಮನೆಯ ಮುಂದೆ ನಿಂತರು.

"ಚೆಲ್ಲಬ್ಯಾಡ್ರಿ, ನನಗ ಕೊಡ್ರಿ."

ಸಾವಕಾರ್ರ ಹೆಂಡತಿಗೆ ಮುಖ ಕೆಂಪಾಯಿತು. "ಅಯ್ಯ ಕಾಕು, ಎಂಟು ದಿನದ್ದರಿ ಇದು. ನಿಮಗ ಕೊಡೂದು ಛಂದ ಕಾಣತೈತೇನು? ಹೊಸ ನೀರು ಕೊಡತೇನಿ ತಡೀರಿ."

"ನಾ ಎಷ್ಟು ವರ್ಷದಾಕಿ ಅದೇನ್ರಿ? ನನ್ನೂ ಚೆಲ್ಲೀರೇನು?"

ಹೆಂಗಸರು ನಕ್ಕರು. ಬಕೀಟು ತುಂಬಿತು. ಅವರು ಅದನ್ನು ಹೊತ್ತೊಯ್ದು ದಿಬ್ಬದ ದಾರಿಯುದ್ದಕ್ಕೂ ತಾವೇ ನೆಟ್ಟ ಬೇವಿನ ಸಸಿಗಳಿಗೆ ಹಾಕಿದರು. ಮೇಲೆ ಇದ್ದದ್ದು ಒಂದೇ ನಳ. ಅದರ ಮುಂದೆ ಹೆಂಗಸರು ಬಿಸಿಲಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. "ಬಿಸಿಲು ವರ್ಷಾ ವರ್ಷಾ ಜಾಸ್ತಿ ಆಗಾಕತ್ತೈತಿ. ನಿಂದರೂದು ತಪ್ಪಂಗಿಲ್ಲ, ನೆರಳಾಗ ಆದ್ರೂ ನಿಂದರಲಿ" ಎಂದರು. ಎರಡು ತಿಂಗಳಲ್ಲಿ ಹಳೇ ನೀರನ್ನು ಗಟಾರಕ್ಕೆ ಸುರಿಯುವವರು ಓಣಿಯಲ್ಲಿ ಉಳಿಯಲಿಲ್ಲ. ನಾವೇ ಬಕೀಟು ಒಯ್ಯತೊಡಗಿದೆವು. ನಾನೂ ಒಯ್ದೆ. ಇದು ಸುಳ್ಳಲ್ಲ, ಹೆಂಡತಿಯನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಆದರೆ ಬೇವಿಗೆ ನೀರು ಸಿಕ್ಕಿತು, ನಳಕ್ಕೆ ಸಿಗಲಿಲ್ಲ. ಓಣಿಯಲ್ಲಿ ಹನ್ನೊಂದು ಮನೆ, ಪ್ರತಿ ಮನೆಯಲ್ಲೂ ಪೈಪಿಗೆ ಸಿಕ್ಕಿಸುವ ಒಂದೊಂದು ಮೋಟಾರು. ನೀರು ಬಿಟ್ಟ ಕೂಡಲೇ ಹನ್ನೊಂದೂ ಜಗ್ಗುತ್ತಿದ್ದವು. ದಿಬ್ಬ ಏರುವಷ್ಟು ಒತ್ತಡ ಪೈಪಿನಲ್ಲಿ ಉಳಿಯುತ್ತಿರಲಿಲ್ಲ. ದಿಬ್ಬದವರು ಬೇರೆ ದಾರಿ ಕಾಣದೆ ಓಣಿಯ ಬಾಯಲ್ಲಿ ತಗ್ಗು ತೋಡಿ, ಪೈಪಿನ ಜೋಡಣೆ ಸಡಿಲಿಸಿ, ಮೊಣಕಾಲುದ್ದ ರಾಡಿಯಲ್ಲಿ ಇಳಿದು ಕೊಡ ತುಂಬುತ್ತಿದ್ದರು. ಗಟಾರದ ನೀರು ಅದೇ ತಗ್ಗಿಗೆ ಇಳಿಯುತ್ತಿತ್ತು. ಅವರ ಮಕ್ಕಳಿಗೆ ವಾಂತಿಭೇದಿ. ನಮ್ಮ ನಳದಲ್ಲೂ ಕೆಂಪು ನೀರು. ನಾವು ಅವರನ್ನು ಬೈದೆವು, ಅವರು ನಮ್ಮನ್ನು.

ಕಾಕು ಎರಡೂ ಕಡೆಯವರನ್ನು ತಮ್ಮ ಕಟ್ಟೆಯ ಮೇಲೆ ಕೂಡಿಸಿದರು. ದಿಬ್ಬದ ಪರವಾಗಿ ಬಂದವಳು ಯಲ್ಲವ್ವ. ಅಂಗಡಿಗಳಲ್ಲಿ ಕಾಳು ಹಸನು ಮಾಡುವ ಕೆಲಸ ಅವಳದು.

"ನಾವು ಟ್ಯಾಕ್ಸ್ ತುಂಬತೇವ್ರಿ ಕಾಕು" ಎಂದರು ಸಾವಕಾರ್ರು. "ಅವ್ರು ಏನ್ ತುಂಬತಾರ?"

"ಕೊಡ ತುಂಬತೇವ್ರಿ ಸಾವಕಾರ್ರ, ನೀರು ಬಂದ್ರ" ಎಂದಳು ಯಲ್ಲವ್ವ.

"ಒಂದು ತಾಸು" ಎಂದರು ಕಾಕು. "ನೀರು ಬಿಟ್ಟ ಮೊದಲನೇ ತಾಸು ಯಾರೂ ಮೋಟಾರ್ ಹಚ್ಚೂದು ಬ್ಯಾಡ. ಎಂಟು ದಿನಕ್ಕ ಒಂದು ತಾಸು. ನೀವು ಅಂಗಡ್ಯಾಗ ಚಾ ಕುಡದು ಹರಟಿ ಹೊಡ್ಯೂದು ಅದಕಿಂತ ಜಾಸ್ತಿ ಆಕ್ಕೈತ್ರಿ."

"ಇದೆಲ್ಲಾ ಮಳಿ ಕಮ್ಮಿ ಆಗಿದ್ದಕ್ಕ ಆಗಿದ್ರಿ."

"ಮಳಿ ನಮ್ಮ ಮಾತು ಕೇಳಂಗಿಲ್ಲ. ಮೋಟಾರಿನ ಬಟನ್ ಕೇಳತೈತಿ. ಮಾತು ಕೇಳೋರಿಗೆ ಮೊದಲ ಹೇಳೂನು."

ಯಲ್ಲವ್ವ ತಲೆ ಅಲ್ಲಾಡಿಸಿದಳು. "ನಾವು ತಗ್ಗು ಮುಚ್ಚತೇವಿ. ಆಮ್ಯಾಲ ಇವ್ರು ಬಾಗಲಾ ಹಾಕ್ಕೊಂಡು ಒಳಗ ಚಾಲೂ ಮಾಡಿದ್ರ ಯಾರ್ ನೋಡ್ಯಾರ?"

"ಹಂಗಾರ ಹೊರಗ ತಂದಿಡೂನು. ಎಲ್ಲಾರ ಮೋಟಾರೂ ಎಲ್ಲಾರ ಕಣ್ಣಿಗೆ ಬೀಳಲಿ."

ಅಕ್ಷರ ಛಲೋ ಐತಿ ಎಂದು ಒಪ್ಪಂದವನ್ನು ನನ್ನ ಕೈಯಲ್ಲೇ ಬರೆಸಿದರು. ಎಲ್ಲರೂ ಸಹಿ ಮಾಡಿದರು, ಯಲ್ಲವ್ವ ಹೆಬ್ಬೆಟ್ಟು ಒತ್ತಿದಳು. ಅವಳು ಎದ್ದು ಹೋಗುವಾಗ ಕಾಕು ಅವಳ ಕೈ ಹಿಡಿದು, "ನೀರು ಬರಲಿಲ್ಲಂದ್ರ ನನ್ನ ಮನೀಗೆ ಬಾ, ಬ್ಯಾರೆ ಯಾರ ಮನೀಗೂ ಹೋಗಬ್ಯಾಡ" ಎಂದರು. ಆ ಮಾತಿನ ಭಾರ ನನಗೆ ಆಗ ತಿಳಿಯಲಿಲ್ಲ.

ಮುಂದಿನ ನೀರಿನ ದಿನ ಮುಂಜಾನೆ ಆರಕ್ಕೆ ಹನ್ನೊಂದು ಕಟ್ಟೆಗಳ ಮೇಲೆ ಹನ್ನೊಂದು ಮೋಟಾರು. ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಕೂರಿಸಿದ ಕೂಸುಗಳ ಹಾಗೆ ಕಾಣುತ್ತಿದ್ದವು. ಕಾಕು ಒಂದೊಂದರ ಮೇಲೂ ಅಂಗೈ ಇಟ್ಟು ಹೋದರು. "ಶಾಣ್ಯಾ ಅದೀ, ಹಿಂಗ ಕುಂದರು" ಎಂದು ಮೋಟಾರಿಗೇ ಹೇಳಿದರು. ಅರ್ಧ ತಾಸಾದ ಮೇಲೆ ದಿಬ್ಬದ ಮೇಲಿಂದ ಕೇಕೆ ಕೇಳಿತು. ಯಲ್ಲವ್ವ ಮೊದಲ ಕೊಡವನ್ನು ಹೊತ್ತು ಕೆಳಗೆ ಬಂದು ಕಾಕುವಿನ ಬಾಗಿಲಲ್ಲಿ ಇಳಿಸಿದಳು. ಅವತ್ತೇ ಸಂಜೆ ದಿಬ್ಬದ ಗಂಡಸರು ಪೈಪನ್ನು ಬಿಗಿ ಮಾಡಿಸಿ, ಕಲ್ಲು ಮಣ್ಣು ಹಾಕಿ ತಗ್ಗು ಮುಚ್ಚಿದರು. ಕೆಲವು ದಿನಗಳಲ್ಲಿ ಅದರ ಮೇಲೆ ಡಾಂಬರೂ ಬಿತ್ತು. ನಾಲ್ಕೈದು ತಿಂಗಳು ಹೀಗೇ ನಡೆಯಿತು. ಸಾವಕಾರ್ರು ಮುಖ ಗಂಟು ಹಾಕಿಕೊಂಡೇ ಮೋಟಾರು ಹೊತ್ತು ತರುತ್ತಿದ್ದರು, ಆದರೆ ತರುತ್ತಿದ್ದರು.

ಇನ್ನು ಮುಂದಿನದನ್ನು ಅವಸರವಾಗಿ ದಾಟುವ ಆಸೆ ನನಗಿದೆ. ದಾಟುವುದಿಲ್ಲ.

ನನ್ನ ಮನೆ ಓಣಿಯ ಕೊನೆಯದು, ದಿಬ್ಬಕ್ಕೆ ಹತ್ತಿದ್ದು. ಮೇಲಕ್ಕೆ ಹೋಗುವ ನೀರು ಕೊನೆಗೆ ನನ್ನನ್ನು ದಾಟಿಯೇ ಹೋಗಬೇಕು. ಆ ಚಳಿಗಾಲ ನಾನು ಮಾಳಿಗೆಯ ಮೇಲೆ ನೀರಿನ ಕರಿಯ ಟಾಕಿ ಕೂರಿಸಿ, ಬಚ್ಚಲಿಗೆ ಶವರ್ ಹಾಕಿಸಿದೆ. ಹಳೆಯ ಮೋಟಾರು ಅಷ್ಟು ಎತ್ತರಕ್ಕೆ ನೀರು ದೂಡಲಾರದೆ ಸುಟ್ಟುಹೋಯಿತು. ದುರ್ಗದಬೈಲಿನ ಪೇಟೆಗೆ ಹೋಗಿ ಅದಕ್ಕಿಂತ ಎರಡು ಪಟ್ಟು ಬಲದ್ದನ್ನು ತಂದೆ. "ಪೈಪಿನ್ಯಾಗ ನೀರು ಇರಲಿ ಬಿಡಲಿ, ಇದು ಜಗ್ಗತೈತಿ ನೋಡ್ರಿ ಸರ್" ಎಂದು ಅಂಗಡಿಯವನು ಹೇಳಿದ್ದ. ಎರಡನೆಯ ತಾಸಿಗೆ ಮೋಟಾರು ಹಚ್ಚಿದರೆ ಟಾಕಿ ಅರ್ಧ ತುಂಬುತ್ತಿತ್ತು. ಮೊದಲ ತಾಸಿಗೇ ಹಚ್ಚಿದರೆ ಪೂರ್ತಿ.

ಅವ್ವ ಹಾಸಿಗೆ ಹಿಡಿದಿದ್ದಳು, ನೀರು ಬಹಳ ಬೇಕಾಗಿತ್ತು. ಬಹಳ ವರ್ಷ ನಾನು ನನಗೆ ಹೇಳಿಕೊಂಡ ಕಾರಣ ಇದು. ನಂಬಿಯೂ ಇದ್ದೆ. ಸಭೆಯಿಂದ ಬಂದ ಮೇಲೆ ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ಇದೆಲ್ಲ ನಡೆದ ಆ ವರ್ಷದ ಶಿವರಾತ್ರಿಯ ಹೊತ್ತಿಗೆ ಅವ್ವ ಶಿರಗುಪ್ಪಿಯಲ್ಲಿ ಅಣ್ಣನ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದು, ತಾನೇ ಕೂತು ಶೇಂಗಾ ಒಡೆದು ನಮಗೆ ಕಳಿಸಿದ್ದಳು. ಅವಳು ಹಾಸಿಗೆ ಹಿಡಿದದ್ದು ಎರಡು ವರ್ಷದ ಮೇಲೆ. ನಾನು ಅವಳನ್ನು ಎತ್ತಿ ತಂದು ಈ ಕತೆಯೊಳಗೆ ಮಲಗಿಸಿದ್ದೆ. ಕಾರಣ ಶವರ್. ದಿನಾ ಸಾಲೆಗೆ ಹೋಗುವ ಮೊದಲು ಅದರ ಕೆಳಗೆ ನಿಲ್ಲುವುದು ನನಗೆ ಇಷ್ಟವಾಗಿತ್ತು, ಅಷ್ಟೇ.

ಸುಟ್ಟ ಮೋಟಾರನ್ನು ಒರೆಸಿ ಕಟ್ಟೆಯ ಮೇಲಿಟ್ಟೆ. ಹೊಸದನ್ನು ಒಳಗೆ, ಓಣಿಯ ಕಡೆಯ ಗೋಡೆಗೆ ಹತ್ತಿಸಿ ಇಟ್ಟು, ಸದ್ದು ಕೇಳದಂತೆ ಹಳೆಯ ಕೌದಿ ಹೊದಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಇದು ಛಲೋ ಕಾಣಂಗಿಲ್ಲರಿ" ಎಂದಳು. "ಇವತ್ತೊಂದಿನ" ಎಂದೆ.

ಮೂರು ಪಾಳಿ, ಅಂದರೆ ಮೂರು ನೀರಿನ ದಿನ, ಹಾಗೆ ನಡೆಯಿತು. ಮೂರೂ ಸಲ ದಿಬ್ಬಕ್ಕೆ ನೀರು ಏರಲಿಲ್ಲ. ಇಪ್ಪತ್ತನಾಲ್ಕು ದಿನ.

ಮೂರನೆಯ ಪಾಳಿಯ ಮುಂಜಾನೆ ನಾನು ಸುಟ್ಟ ಮೋಟಾರಿನ ಪಕ್ಕದಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಕಾಕು ಒಂದೊಂದೇ ಕಟ್ಟೆ ದಾಟಿ ಬಂದರು. ನನ್ನ ಮೋಟಾರಿನ ಮೇಲೆ ಅಂಗೈ ಇಟ್ಟರು. ಆಮೇಲೆ, ದಣಿವಾರಿಸಿಕೊಳ್ಳುವವರ ಹಾಗೆ, ಅದೇ ಕೈಯನ್ನು ಗೋಡೆಗೆ ಕೊಟ್ಟು ನಿಂತರು. ಕೌದಿ ಸದ್ದನ್ನು ನುಂಗಬಲ್ಲದು, ಕಂಪನವನ್ನಲ್ಲ. ಅವರು ಕಣ್ಣು ಮುಚ್ಚಿದರು. ಎಷ್ಟು ಹೊತ್ತು? ಅರ್ಧ ನಿಮಿಷ ಇರಬಹುದು. ನಾನು ಪತ್ರಿಕೆಯ ಒಂದೇ ಸಾಲನ್ನು ಓದುತ್ತಿದ್ದೆ.

"ಸರ್, ಚಾ ಆತೇನ್ರಿ?"

"ಆತ್ರಿ ಕಾಕು."

"ಒಳಗ ಏನರ ಕೆಲಸ ಇದ್ರ ಮುಗಿಸಿಕೊಂಡು ಬರ್ರಿ. ನಾ ಇಲ್ಲೇ ಕುಂತಿರತೇನಿ."

ಅವರು ನನಗೊಂದು ಅವಕಾಶ ಕೊಟ್ಟಿದ್ದರು. ನಾನು ಒಳಗೆ ಹೋದೆ. ಕೌದಿಯನ್ನು ಇನ್ನೊಂದು ಮಡಿಕೆ ಮಾಡಿ ಹೊದಿಸಿದೆ. ಹೊರಗೆ ಬಂದಾಗ ಅವರ ಕೈ ಇನ್ನೂ ಗೋಡೆಯ ಮೇಲಿತ್ತು. ಎದ್ದು ಹೋದರು.

ಆ ದಿನವೇ ಹತ್ತು ಗಂಟೆಯ ಸುಮಾರಿಗೆ ದಿಬ್ಬದವರು ಖಾಲಿ ಕೊಡಗಳ ಸಮೇತ ಇಳಿದು ಬಂದರು. ಬೇರೆ ಯಾರ ಮನೆಗೂ ಹೋಗದೆ ಕಾಕುವಿನ ಬಾಗಿಲಿಗೆ. ಓಣಿಯೆಲ್ಲ ಕೂಡಿತು.

"ನಿಮ್ಮ ಮಾತಿಗೆ ತಗ್ಗು ಮುಚ್ಚಿದ್ವಿ ಕಾಕು" ಎಂದಳು ಯಲ್ಲವ್ವ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಈಗ ಡಾಂಬರ್ ಬಿದ್ದೈತಿ. ಅದೂ ಹೋತು, ಇದೂ ಹೋತು."

ಹಿಂದಿನಿಂದ ಯಾರೋ, "ದೊಡ್ಡೋರ ಜೋಡಿ ಸೇರಿ ನಮಗ ಟೋಪಿ ಹಾಕಿದ್ರು" ಎಂದರು. ಎಲ್ಲರ ಕಣ್ಣು ಸಾವಕಾರ್ರ ಕಡೆ ಹೋಯಿತು. ನನ್ನ ಕಣ್ಣೂ ಹೋಯಿತು. ಇದನ್ನು ಬರೆಯಲೇಬೇಕು: ನಾನೂ ಅವರನ್ನೇ ಸಂಶಯದಿಂದ ನೋಡಿದೆ. ಅವರು ಕೊರಳ ಲಿಂಗ ಹಿಡಿದು ಆಣೆ ಮಾಡಿದರು. "ನಾ ಬೈದಿರಬೇಕು, ಮಾತು ಮುರಿದಿಲ್ಲ. ಬರ್ರಿ, ಒಳಗ ಬಂದು ನೋಡ್ರಿ. ಎಲ್ಲಾರ ಮನೀನೂ ನೋಡ್ರಿ ಬೇಕಾದ್ರ."

ನಾನು ಗುಂಪಿನ ಹಿಂದಕ್ಕೆ ಸರಿದೆ. ಕಾಕು ನನ್ನ ಕಡೆ ನೋಡಲಿಲ್ಲ.

"ಯಾರ ಮನೀನೂ ನೋಡೂದು ಬ್ಯಾಡ. ತಪ್ಪು ನಂದು. ಪೈಪಿನ್ಯಾಗ ಅಷ್ಟು ಜೋರು ಇಲ್ಲ, ನನಗ ತಿಳೀಲಿಲ್ಲ. ತಿಳೀದ ಮಾತು ಕೊಟ್ಟೆ."

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ತಮ್ಮ ಮನೆಯ ನಳಕ್ಕೆ ರಬ್ಬರ್ ಪೈಪು ಸಿಕ್ಕಿಸಿ, ಅದರ ಬಾಯನ್ನು ಓಣಿಗೆ ಎಳೆದು ಯಲ್ಲವ್ವನ ಕೊಡದೊಳಗೆ ಇಟ್ಟರು. ಅವತ್ತಷ್ಟೇ ಅಲ್ಲ. ಮುಂದೆ ಅವರ ನಳದ ನೀರು ಪಾಳಿ ಪಾಳಿಗೂ ದಿಬ್ಬಕ್ಕೇ ಹೋಯಿತು.

ಒಪ್ಪಂದ ಮುರಿಯಿತು. ಎಲ್ಲರೂ ಮೋಟಾರನ್ನು ಒಳಗೊಯ್ದು ಮೊದಲಿನಂತೆ ಹಚ್ಚಿದರು. ನನ್ನ ಮೋಟಾರಿನ ಸದ್ದು ಎಲ್ಲರ ಸದ್ದಿನಲ್ಲಿ ಸೇರಿಹೋಯಿತು. ಅವತ್ತು ನನಗಾದ ನಿರಾಳ ಈಗಲೂ ನೆನಪಿದೆ. ಅದರ ಬಗ್ಗೆ ಮಾತ್ರ ನೆನಪು ನನಗೆ ಮೋಸ ಮಾಡಿಲ್ಲ.

ಕಾಕು ಹಳೇ ನೀರಿಗೆ ಬರುವುದನ್ನು ಬಿಡಲಿಲ್ಲ. ಆದರೆ ಆ ಬಕೀಟು ಈಗ ಬೇವಿನ ಕಡೆಗೆ ಹೋಗುತ್ತಿರಲಿಲ್ಲ, ಅವರ ಮನೆಯೊಳಗೆ ಹೋಗುತ್ತಿತ್ತು. ತಮ್ಮ ಪಾಲಿನ ಹೊಸ ನೀರು ಕೊಟ್ಟು, ನಮ್ಮ ಎಂಟು ದಿನದ ಉಳಿಕೆಯನ್ನು ಸೋಸಿ ಕಾಯಿಸಿ ಕುಡಿಯುತ್ತಿದ್ದರು. ನನ್ನ ಮನೆಯಲ್ಲಿ ಯಾವಾಗಲೂ ಬಹಳ ಉಳಿಯುತ್ತಿತ್ತು. ಒಮ್ಮೆ ಬಕೀಟಿನೊಳಗೆ ಬೆರಳು ಆಡಿಸಿ, "ತಿಳಿ ಐತ್ರಿ ಸರ್ ನಿಮ್ಮ ಮನಿ ನೀರು" ಎಂದರು. ಚುಚ್ಚಿ ಹೇಳಿದರೇ? ಅವರಿಗೆ ಚುಚ್ಚಲು ಬರುತ್ತಿತ್ತು, ಅಂಗಿಯ ಮಾತಿನಲ್ಲಿ ಕಂಡಿದ್ದೆನಲ್ಲ. ಆದರೆ ಆಗ ಅವರ ದನಿ ಬರಿಯ ನೀರಿನ ಬಗ್ಗೆಯೇ ಇತ್ತು. ಹೊರಡುವ ಮೊದಲು ಕೇಳಿದರು.

"ಯಲ್ಲವ್ವನ ಮಗಳು ಸಾಲಿಗೆ ಬರಾಕತ್ತಾಳೇನ್ರಿ?"

"ಇಲ್ರಿ ಕಾಕು. ಒಂದು ತಿಂಗಳಾತು. ಅವ್ರಿಗೆ ಓದಿನ ಕಾಳಜೀನ ಇಲ್ರಿ."

ಅವರು ಬಕೀಟಿನ ಹಿಡಿಕೆಯ ಮೇಲೆ ಹೆಬ್ಬೆರಳು ಉಜ್ಜುತ್ತ ನಿಂತರು. "ನೀವ ಒಮ್ಮೆ ಮ್ಯಾಲ ಹೋಗಿ ಕೇಳಿ ಬರ್ರೆಲಾ" ಎಂದರು. ನಾನು ಹೋಗಲಿಲ್ಲ. ಅದಾದ ಮೇಲೂ ಒಮ್ಮೆ ಕೇಳಿದರು. ಆಗಲೂ ಹೋಗಲಿಲ್ಲ.

ಇದೆಲ್ಲ ನಡೆದು ಹತ್ತು ವರ್ಷದ ಮೇಲಾಯಿತು. ಈಗ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ದಿಬ್ಬದ ಮೇಲೆ ಎರಡನೆಯ ನಳವೂ ಬಂದಿದೆ. ಅದಕ್ಕೆ ಅರ್ಜಿ ಹಿಡಿದು ಓಡಾಡಿದವರು ಕಾಕು ಮತ್ತು ಯಲ್ಲವ್ವ. ಆ ಅರ್ಜಿಗೂ ನಾನು ಸಹಿ ಹಾಕಿದ್ದೇನೆ.

ಈ ಬರಹವನ್ನು ಮೊದಲು ಬೇರೆ ರೀತಿ ಮುಗಿಸಿದ್ದೆ. ಅದರಲ್ಲಿ ಸಭೆ ಮುಗಿದ ಮೇಲೆ ಯಲ್ಲವ್ವ ನನ್ನ ಹತ್ತಿರ ಬಂದು, ಕಾಕು ಎಲ್ಲ ಹೇಳಿದ್ದರು, ಸರ್ ತಾವೇ ಒಂದಿನ ಹೇಳತಾರ, ಅಲ್ಲೀತನಕಾ ಕಾಯೂನು ಅಂದಿದ್ದರು, ಎನ್ನುತ್ತಾಳೆ. ಬರೆದು ಓದಿದಾಗ ನನಗೇ ಕಣ್ಣೀರು ಬಂತು. ಹರಿದು ಹಾಕಿದೆ. ಅವಳು ನಿಜವಾಗಿ ಹೇಳಿದ್ದು, "ಛಲೋ ಮಾತಾಡಿದ್ರಿ ಸರ್" ಎಂದಷ್ಟೇ. ಆಮೇಲೆ ಕುರ್ಚಿ ಮಡಚಲು ಹೋದಳು.

ನಿನ್ನೆ ನೀರಿನ ದಿನ. ನಾನು ದಿಬ್ಬ ಹತ್ತಿದೆ. ಬೇವುಗಳು ಈಗ ಮನೆಯೆತ್ತರ ಆಗಿವೆ. ಕೊಡಗಳ ಸಾಲು ಪೂರ್ತಿ ಅವುಗಳ ನೆರಳಲ್ಲೇ ನಿಲ್ಲುತ್ತದೆ. ಯಲ್ಲವ್ವ ಸಾಲಿನ ನಡುವೆ ಇದ್ದಳು.

"ಸರ್, ನೀವ್ಯಾಕ ಹತ್ತಿ ಬಂದ್ರಿ? ಹೇಳಿ ಕಳಿಸಿದ್ರ ನಾನ ಬರತಿದ್ನಲ್ಲ."

ಹೇಳಿದೆ. ಅದಕ್ಕೆ ಬಹಳ ಮಾತು ಬೇಕಾಗಲಿಲ್ಲ. "ಆ ವರ್ಷ ನೀರು ಮ್ಯಾಲ ಬರಲಿಲ್ಲಲ್ಲ ಯಲ್ಲವ್ವ, ಅದು ನನ್ನ ಮೋಟಾರ್. ಒಳಗ ಒಂದು ಹಚ್ಚಿದ್ದೆ. ಕಟ್ಟಿ ಮ್ಯಾಲ ಇಟ್ಟಿದ್ದು ಸುಟ್ಟಿದ್ದು."

"ಯಾವ ವರ್ಷರಿ?"

"ತಗ್ಗು ಮುಚ್ಚಿದ ವರ್ಷ."

ಅವಳು ಬೆರಳು ಮಡಚಿ ಎಣಿಸಿದಳು. "ಅಂದ್ರ ನಮ್ಮ ಶಾಂತಾ ಏಳನೇ ಕ್ಲಾಸಿನ್ಯಾಗ ಇದ್ದಾಗ. ದೂರದ ಬಾವೀಲಿಂದ ನೀರು ತರಾಕ ಅಕೀನ್ನ ಸಾಲಿ ಬಿಡಿಸಿದ್ದೆ. ಎರಡು ಮೂರು ವಾರ ಅಂತ ಬಿಡಿಸಿದ್ದೆ. ಪರೀಕ್ಷಾ ಹೋತು. ಆಮ್ಯಾಲ ಅಕಿನ ಒಲ್ಲೆ ಅಂದ್ಲು." ಮಡಚಿದ ಬೆರಳು ಬಿಡಿಸುತ್ತ ಕೇಳಿದಳು. "ಕಾಕುಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವಳ ಮುಂದಿನ ಕೊಡ ತುಂಬಿತು, ಸಾಲು ಸರಿಯಿತು. ಅವಳು ತನ್ನ ಕೊಡವನ್ನು ಕಾಲಿನಿಂದ ಮುಂದಕ್ಕೆ ದೂಡಿದಳು. "ಸರೀರಿ ಸರ್, ಪಾಳಿ ಬಂತು" ಎಂದಳು. ಮತ್ತೆ ನನ್ನ ಕಡೆ ತಿರುಗಲಿಲ್ಲ.

ಶಾಂತಾಳ ತರಗತಿಯ ಮಾಸ್ತರ ನಾನೇ. ಮುಂಜಾನೆ ಶವರ್ ಕೆಳಗೆ ನಿಂತು, ತಲೆ ಬಾಚಿಕೊಂಡು, ಸಾಲೆಗೆ ಹೋಗಿ ಹಾಜರಿ ಪುಸ್ತಕ ತೆರೆಯುತ್ತಿದ್ದೆ. ಆ ಇಪ್ಪತ್ತನಾಲ್ಕು ದಿನ ಅವಳ ಹೆಸರು ಎರಡು ಸಲ ಕೂಗಿ, ಉತ್ತರ ಬಾರದೆ ಇದ್ದಾಗ, ಕೆಂಪು ಶಾಯಿಯಲ್ಲಿ ಗೈರು ಎಂದು ಬರೆದೆ. ನನ್ನ ಅಕ್ಷರ ಛಲೋ ಐತಿ ಎಂದು ಕಾಕು ಹೇಳುತ್ತಿದ್ದರು.